ಪಹಣಿಯಲ್ಲಿ ತಾತ, ಫೋನಿನಲ್ಲಿ ಬ್ಯಾಂಕು: ಕೋಲಾರ ಸೀಮೆಯಿಂದ ಒಂದು ಸಂಶೋಧನಾ ಟಿಪ್ಪಣಿ

ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯ ಡೇರಿ. ಬೆಳಗ್ಗೆ ಆರೂವರೆಗೆಲ್ಲ ಹಾಲು ಹಾಕುವವರು ಸಾಲುಗಟ್ಟಿ ನಿಂತಿರುತ್ತಾರೆ. ಕ್ಯಾನಿನಿಂದ ಒಂದಿಷ್ಟು ಹಾಲು ತೆಗೆದು ಯಂತ್ರಕ್ಕಿಟ್ಟರೆ ಫ್ಯಾಟು, ಎಸ್‌ಎನ್‌ಎಫ್, ಲೀಟರು, ದರ ಎಲ್ಲವೂ ಒಂದು ಪುಟ್ಟ ಚೀಟಿಯ ಮೇಲೆ ಮೂಡುತ್ತವೆ. ನಾನು ಹೋದ ದಿನ ನಡುವಯಸ್ಸಿನ ಹೆಂಗಸೊಬ್ಬರು ಚೀಟಿ ನೋಡಿಕೊಂಡು ಅಲ್ಲೇ ನಿಂತುಬಿಟ್ಟರು. "ಡಿಗ್ರಿ ಕಮ್ಮಿ ಬಂದೈತಕ್ಕ" ಎಂದ ಸೆಕ್ರೆಟರಿ. "ನಿನ್ನೆ ತಿಂದ ಹುಲ್ಲೇ ಇವತ್ತೂ ತಿಂದೈತೆ. ಇನ್ನೊಂದು ಸಲ ಹಾಕು ನೋಡಾನ" ಎಂದರು ಆಕೆ. ಅವನು ಲೋಟ ತೊಳೆದು, ಹಾಲನ್ನು ಚೆನ್ನಾಗಿ ಕಲಕಿ, ಮತ್ತೆ ಇಟ್ಟ. ಎರಡನೆಯ ಚೀಟಿಯಲ್ಲಿ ಅಂಕಿ ಸ್ವಲ್ಪ ಮೇಲೆ ಬಂತು. ಆಕೆ ಅದನ್ನು ಮಡಿಸಿ ಸೊಂಟದ ಎಲೆಯಡಿಕೆ ಚೀಲಕ್ಕೆ ಸೇರಿಸಿಕೊಂಡು ಹೊರಟರು.

ಬ್ಯಾಂಕಿಂಗ್ ತಂತ್ರಜ್ಞಾನದ ಬಗ್ಗೆ ಈಚೆಗೆ ಕೇಳಿಬರುತ್ತಿರುವ ಮಾತುಗಳಲ್ಲಿ ನಿಜವಾಗಿ ತೂಕವಿರುವ ಒಂದು ಮಾತು ಈ ಚೀಟಿಗೇ ಸಂಬಂಧಿಸಿದ್ದು. ಭಾರತೀಯ ರಿಸರ್ವ್ ಬ್ಯಾಂಕಿನ ಇನ್ನೊವೇಷನ್ ಹಬ್ 2023ರ ಆಗಸ್ಟ್ 17ರಂದು ಸಾಲ ವಿತರಣೆಯ ಒಂದು ಸಾರ್ವಜನಿಕ ವೇದಿಕೆಯನ್ನು ಪ್ರಾಯೋಗಿಕವಾಗಿ ಶುರುಮಾಡಿತು. ಮರುವರ್ಷದ ಆಗಸ್ಟ್‌ನಲ್ಲಿ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಬೆಂಗಳೂರಿನಲ್ಲೇ ಅದಕ್ಕೆ ಯುಎಲ್‌ಐ (ಯೂನಿಫೈಡ್ ಲೆಂಡಿಂಗ್ ಇಂಟರ್‌ಫೇಸ್) ಎಂಬ ಹೆಸರು ಪ್ರಕಟಿಸಿದರು. ರಾಜ್ಯಗಳ ಭೂದಾಖಲೆ, ಉಪಗ್ರಹ ಚಿತ್ರ, ಆಧಾರ್ ದೃಢೀಕರಣ, ಡೇರಿಗೆ ಹಾಕಿದ ಹಾಲಿನ ಲೆಕ್ಕ, ಇವೆಲ್ಲ ಒಂದೇ ಕಿಂಡಿಯಿಂದ ಬ್ಯಾಂಕಿಗೆ ಸಿಗಬೇಕು. ವಾರಗಟ್ಟಲೆ ಅಲೆಯುವುದು ತಪ್ಪಿ ನಿಮಿಷಗಳಲ್ಲಿ ಸಾಲ ಮಂಜೂರಾಗಬೇಕು ಎಂಬುದು ಅದರ ಉದ್ದೇಶ. ಹಾಲಿನ ಲೆಕ್ಕ ನೋಡಿ ಸಾಲ ಕೊಡುವ ಪ್ರಯೋಗ ಮೊದಲು ನಡೆದದ್ದು ಗುಜರಾತಿನಲ್ಲಿ, ಅಮುಲ್‌ನ ಹಾಲು ಉತ್ಪಾದಕರ ನಡುವೆ.

ಕೋಲಾರ ಜಿಲ್ಲೆಗೆ ಇದು ಹೇಳಿಮಾಡಿಸಿದ ಯೋಜನೆಯಂತೆ ಕಾಣುತ್ತದೆ. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ನಾಲೆಯಿಲ್ಲ. ಮಳೆ ಕೈಕೊಟ್ಟ ವರ್ಷವೂ ಮನೆ ನಡೆಸಿದ್ದು ಹಸು. ಹದಿನೈದು ದಿನಕ್ಕೊಮ್ಮೆ ಬರುವ ಬಟವಾಡೆಯ ಮೇಲೆ ಮಕ್ಕಳ ಫೀಸು, ಸಂಘದ ಕಂತು, ಬೂಸಾದ ಬಾಕಿ ಎಲ್ಲವೂ ನಿಂತಿರುತ್ತವೆ. ಈ ಬಟವಾಡೆ ಈಗ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ವರ್ಷವಿಡೀ ತಪ್ಪದೆ ಬರುವ ಆದಾಯದ ಇಂಥ ಲೆಕ್ಕ ಪಟ್ಟಣದ ಎಷ್ಟೋ ಅಂಗಡಿಗಳಲ್ಲೂ ಸಿಗುವುದಿಲ್ಲ. ಜಮೀನೇ ಇಲ್ಲದ, ಎರಡು ಹಸು ಕಟ್ಟಿಕೊಂಡ ಹೆಂಗಸಿಗೆ ಈ ಚೀಟಿಯ ಬಲದಿಂದಲೇ ಬ್ಯಾಂಕು ಮೂರನೆಯ ಹಸುವಿಗೆ ಸಾಲ ಕೊಡುವುದಾದರೆ ನಾನು ಅದನ್ನು ಎರಡು ಮಾತಿಲ್ಲದೆ ಸ್ವಾಗತಿಸುತ್ತೇನೆ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಡೇರಿಯ ಪುಸ್ತಕದಲ್ಲಿ ಸದಸ್ಯತ್ವ ಯಾರ ಹೆಸರಿನಲ್ಲಿದೆ? ಹುಲ್ಲು ಕೊಯ್ಯುವವಳು, ಹಾಲು ಕರೆಯುವವಳು, ಕ್ಯಾನು ಹೊತ್ತು ತರುವವಳು ಹೆಂಡತಿ. ಹೆಸರು ಮಾತ್ರ ಗಂಡನದು ಎಂಬ ಮನೆಗಳು ಹಳ್ಳಿಗೆ ಎಷ್ಟೋ ಇವೆ. ಕಂಪ್ಯೂಟರ್ ಓದುವುದು ಹೆಸರನ್ನು, ಹಾಲು ಕರೆದ ಕೈಯನ್ನಲ್ಲ.

ಈ ಟಿಪ್ಪಣಿಯ ಉದ್ದಕ್ಕೂ ನಾನು ಹಿಡಿದಿರುವ ಅಳತೆಗೋಲು ಇದೇ. ಹೊಸ ತಂತ್ರಜ್ಞಾನವೊಂದು ಬ್ಯಾಂಕನ್ನು ಬದಲಿಸುತ್ತದೆ ಎಂದು ಯಾರಾದರೂ ಹೇಳಿದಾಗ, ಅದು ಯಾವ ದಾಖಲೆಯನ್ನು ಓದುತ್ತದೆ, ಆ ದಾಖಲೆಯನ್ನು ಬರೆದವರು ಯಾರು, ತಪ್ಪಿದ್ದರೆ "ಇನ್ನೊಂದು ಸಲ ಹಾಕು" ಎಂದು ಯಾರಿಗೆ ಹೇಳಬೇಕು ಎಂದು ಕೇಳುವುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ಹಣ ಓಡಾಡುವ ದಾರಿ ಬದಲಾಗಿಹೋಗಿದೆ. ಸಾಲ ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸುವ ಬಗೆ ಅಷ್ಟಾಗಿ ಬದಲಾಗಿಲ್ಲ. ಅಬ್ಬರವೆಲ್ಲ ಹುಟ್ಟುವುದು ಮೊದಲನೆಯದನ್ನು ತೋರಿಸಿ ಎರಡನೆಯದೂ ಆಗಿಹೋಯಿತು ಎನ್ನುವಲ್ಲಿ.

ದಾರಿ ಬದಲಾದದ್ದಕ್ಕೆ ಹೆಚ್ಚು ಸಾಕ್ಷಿ ಬೇಡ. 2016ರಲ್ಲಿ ಬಂದ ಯುಪಿಐ 2023ರ ಆಗಸ್ಟ್‌ನಲ್ಲಿ ತಿಂಗಳಿಗೆ 1,000 ಕೋಟಿ ವಹಿವಾಟು ದಾಟಿತು. ಎರಡು ವರ್ಷ ಕಳೆಯುವಷ್ಟರಲ್ಲಿ 2,000 ಕೋಟಿ. ಮುಳಬಾಗಿಲಿನ ದೋಸೆ ಹೋಟೆಲಿನ ಗಲ್ಲಾದ ಮೇಲೂ ಕ್ಯೂಆರ್ ಅಂಟಿದೆ, ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯ ಬುಟ್ಟಿಗೂ ಅಂಟಿದೆ. ಇದು ಅಬ್ಬರವಲ್ಲ, ಕಣ್ಣೆದುರಿನ ನಿಜ. ಆದರೆ ಹಣ ಹೋದ ದಾರಿಯೇ ಒಂದು ದಾಖಲೆಯೂ ಆಗುತ್ತದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕದ ಆಧಾರದ ಮೇಲೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ, ಬೆಂಗಳೂರಿನ ಎಷ್ಟೋ ಅಂಗಡಿಯವರು ಕ್ಯೂಆರ್ ಕಿತ್ತುಹಾಕಿ "ನಗದು ಮಾತ್ರ" ಎಂದು ಬೋರ್ಡು ಬರೆದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿಯೇ ಹೇಳಬೇಕಾಯಿತು. ಯುಪಿಐ ಲೆಕ್ಕ ತೋರಿಸಿ ಸುಲಭವಾಗಿ ಸಾಲ ಪಡೆಯಬಹುದು ಎಂದು ಅದೇ ಅಂಗಡಿಯವರಿಗೆ ಹೇಳಲಾಗುತ್ತಿತ್ತು. ತನ್ನ ಲೆಕ್ಕವನ್ನು ಯಾರು, ಯಾವ ಕಾರಣಕ್ಕೆ ಓದುತ್ತಾರೆ ಎಂಬುದು ಗೊತ್ತಿಲ್ಲದೆ ಇದ್ದರೆ ಮನುಷ್ಯ ಲೆಕ್ಕವನ್ನೇ ಬಿಡುತ್ತಾನೆ.

ಇನ್ನು ಪಹಣಿ. 2000ದ ಸುಮಾರಿಗೆ ಶುರುವಾದ ಭೂಮಿ ಯೋಜನೆ ಕರ್ನಾಟಕದ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ದೇಶಕ್ಕೆ ಅದು ಮಾದರಿಯಾಯಿತು. ಶ್ಯಾನುಭೋಗರ ಕಾಲದಿಂದ ಬೀರುವಿನಲ್ಲಿ ಮುಚ್ಚಿಟ್ಟಿದ್ದ ಪುಸ್ತಕ ಸಾಮಾನ್ಯನ ಕೈಗೆ ಬಂತು ಎಂಬುದು ಸಣ್ಣ ಸಾಧನೆಯಲ್ಲ. ದಾಖಲೆ ಸುಲಭವಾಗಿ ಸಿಗತೊಡಗಿದಾಗ ಅದರ ಲಾಭ ಬಲವಿದ್ದವರ ಕೈಗೇ ಮೊದಲು ಹೋಗುತ್ತದೆ ಎಂದು ಸಂಶೋಧಕ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲೇ ಎಚ್ಚರಿಸಿದ್ದರು; ಬೆಂಗಳೂರಿನ ಸುತ್ತ ಆಮೇಲೆ ನಡೆದ ಭೂವ್ಯವಹಾರ ಬಲ್ಲವರಿಗೆ ಆ ಎಚ್ಚರಿಕೆ ಉತ್ಪ್ರೇಕ್ಷೆ ಅನಿಸುವುದಿಲ್ಲ. ಈಗ ಬ್ಯಾಂಕಿನವರು ಕೂತಲ್ಲಿಂದಲೇ ಪಹಣಿ ನೋಡಬಹುದು, ಸಾಲದ ಭೋಜ ದಾಖಲಿಸಬಹುದು. ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿದ ರೈತನಿಗೆ ಎಫ್‌ಐಡಿ ಎಂಬ ಗುರುತಿನ ನಂಬರು ಬಂದಿದೆ. 2018ರ ಸಾಲಮನ್ನಾ ಸಮಯದಲ್ಲಿ ಆಧಾರ್, ರೇಷನ್ ಕಾರ್ಡು, ಸರ್ವೆ ನಂಬರು ಮೂರನ್ನೂ ಹೊಂದಿಸಿ ಅರ್ಹರ ಪಟ್ಟಿ ಮಾಡಿದ್ದೂ ಇದೇ ತಳಹದಿಯ ಮೇಲೆ. ಒಂದೇ ಮನೆಯವರು ಎರಡೆರಡು ಕಡೆ ಮನ್ನಾ ಪಡೆಯುವುದಕ್ಕೆ ಅದು ನಿಜವಾಗಿ ಕಡಿವಾಣ ಹಾಕಿತು. ಹೆಸರಿನ ಒಂದಕ್ಷರ ಹೊಂದದೆ ಬ್ಯಾಂಕಿನ ಬಾಗಿಲಲ್ಲಿ ದಿನಗಟ್ಟಲೆ ಸಾಲು ನಿಂತವರೂ ಅಷ್ಟೇ ನಿಜ.

ಈ ತಳಹದಿಯಲ್ಲಿರುವ ಬಿರುಕು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಪಹಣಿಯ ಒಂಬತ್ತನೇ ಕಾಲಂನಲ್ಲಿ ಇನ್ನೂ ತಾತನ ಹೆಸರಿದೆ. ತಾತ ತೀರಿಕೊಂಡು ಇಪ್ಪತ್ತು ವರ್ಷವಾಗಿದೆ. ಮೂವರು ಮಕ್ಕಳು ಬದು ಹಾಕಿಕೊಂಡು ಪಾಲು ಮಾಡಿಕೊಂಡಿದ್ದಾರೆ, ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿಲ್ಲ, ಪಾಲುಗಳ ಅಳತೆಯಾಗಿ ಪೋಡಿಯೂ ಆಗಿಲ್ಲ. ಒಬ್ಬ ಮಗ ಬೆಂಗಳೂರಿನಲ್ಲಿದ್ದಾನೆ, ಸಹಿಗೆ ಬರುವುದಿಲ್ಲ. ಊರಿನಲ್ಲಿ ಉಳಿದು ಟೊಮೆಟೊ ಬೆಳೆಯುವವನಿಗೆ ಕಿಸಾನ್ ಕಾರ್ಡಿನ ಸಾಲ ಫೋನಿನಲ್ಲೇ ನಿಮಿಷಗಳಲ್ಲಿ ಸಿಗುತ್ತದೆ ಎಂದರೆ ಅವನು ಏನು ಮಾಡಬೇಕು? ಆ್ಯಪು ತಾತನನ್ನು ಹುಡುಕುತ್ತದೆ. ಗುತ್ತಿಗೆಗೆ ಹೊಲ ಮಾಡುವವನಂತೂ ಈ ಚಿತ್ರದಲ್ಲೇ ಇಲ್ಲ. ಜಾಮೀನಿಲ್ಲದ ಕೃಷಿ ಸಾಲದ ಮಿತಿ 2025ರ ಜನವರಿಯಿಂದ 1.6 ಲಕ್ಷದಿಂದ 2 ಲಕ್ಷಕ್ಕೆ ಏರಿದೆ, ಸಂತೋಷ. ಆದರೆ ಪಹಣಿಯಲ್ಲಿ ಹೆಸರೇ ಇಲ್ಲದವನಿಗೆ ಅದು ಎಟುಕದು. ಇಲ್ಲಿ ಬ್ಯಾಂಕಿಂಗ್ ಸುಧಾರಣೆ ಎಂದರೆ ಮೊದಲು ಪೌತಿ ಖಾತೆ; ಅದು ಬ್ಯಾಂಕಿನ ಕೆಲಸವಲ್ಲ, ನಾಡಕಚೇರಿಯ ಕೆಲಸ.

ಶ್ರೀನಿವಾಸಪುರದ ಮಾವಿನಲ್ಲಿ ಇದೇ ತೊಡಕು ಇನ್ನೊಂದು ರೂಪದಲ್ಲಿದೆ. 2025ರ ಜೂನ್‌ನಲ್ಲಿ ಪಕ್ಕದ ಚಿತ್ತೂರು ಜಿಲ್ಲೆಯ ಆಡಳಿತ ಹೊರರಾಜ್ಯದ ತೋತಾಪುರಿ ಬರಕೂಡದೆಂದು ತಡೆದಾಗ, ಅಲ್ಲಿನ ಪಲ್ಪ್ ಕಾರ್ಖಾನೆಗಳನ್ನೇ ನಂಬಿದ್ದ ಶ್ರೀನಿವಾಸಪುರದ ಬೆಳೆಗಾರರಿಗೆ ಕೈಕಾಲು ಆಡದಾಯಿತು. ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿ ಲೆಕ್ಕದಲ್ಲಿ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ಇಂಥ ಹಣ ನೇರ ಖಾತೆಗೆ ಬರುವುದು ಒಳ್ಳೆಯದೇ. ಆದರೆ ಹೂ ಬಿಟ್ಟಾಗಲೇ ತೋಟವನ್ನು ಫಸಲಿನ ಗುತ್ತಿಗೆಗೆ ಕೊಡುವ ರೂಢಿ ಈ ಸೀಮೆಯಲ್ಲಿದೆ. ನಷ್ಟ ಗುತ್ತಿಗೆದಾರನದು, ಎಫ್‌ಐಡಿ ಮಾಲೀಕನದು. ಬಾಯಿಮಾತಿನ ಈ ಕರಾರನ್ನು ಓದಬಲ್ಲ ತಂತ್ರಾಂಶ ಯಾವುದೂ ಇಲ್ಲ.

ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ನಿಂತು ನೋಡಿದರೆ ಕೃತಕ ಬುದ್ಧಿಮತ್ತೆಯ ಸಾಲ ನಿರ್ಣಯದ ಬಗ್ಗೆ ಇನ್ನಷ್ಟು ತಿಳಿಯುತ್ತದೆ. 2023ರ ಜುಲೈನಲ್ಲಿ 15 ಕಿಲೋ ಬಾಕ್ಸಿನ ದರ 2,000 ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಹೊತ್ತಿಗೆ ಅದೇ ದರ ಪಾತಾಳಕ್ಕೆ ಇಳಿಯಿತು. ಜುಲೈನ ಲೆಕ್ಕ ನೋಡಿದ ಯಂತ್ರ ಆ ರೈತನನ್ನು ಶ್ರೀಮಂತನೆನ್ನುತ್ತದೆ. ಸೆಪ್ಟೆಂಬರಿನ ಲೆಕ್ಕ ನೋಡಿದ್ದು ಅವನನ್ನೇ ದಿವಾಳಿ ಎನ್ನುತ್ತದೆ. ಎರಡೂ ಅಲ್ಲದ ಅವನ ನಿಜಸ್ಥಿತಿ ತಿಳಿದಿರುವುದು ಒಬ್ಬನಿಗೆ, ಮಂಡಿಯವನಿಗೆ. ಯಾರ ಬೋರು ಈ ಬೇಸಗೆಗೆ ಬತ್ತಿತು, ಯಾರು ಹೊಸದಾಗಿ ಸಾವಿರ ಅಡಿ ಮೀರಿ ಕೊರೆಸಿ ಸಾಲಕ್ಕೆ ಬಿದ್ದರು, ಯಾರ ಮಗಳ ಮದುವೆ ಬಂತು ಎಂಬುದೆಲ್ಲ ಅವನ ಬಾಯಲ್ಲಿರುತ್ತದೆ. ನಾಟಿಗೆ, ಗೊಬ್ಬರಕ್ಕೆ, ಔಷಧಿಗೆ ಮುಂಗಡ ಕೊಡುತ್ತಾನೆ, ರಾತ್ರಿ ಹತ್ತಕ್ಕೆ ಕೇಳಿದರೂ ಕೊಡುತ್ತಾನೆ. ಮಾಲು ಅವನ ಮಂಡಿಗೇ ಬರಬೇಕು, ಪಟ್ಟಿಯಲ್ಲಿ ಮುಂಗಡ ಮುರಿದುಕೊಳ್ಳುತ್ತಾನೆ. ರೈತ ಕಳೆದುಕೊಳ್ಳುವುದು ಬಡ್ಡಿಯನ್ನಷ್ಟೇ ಅಲ್ಲ, ತನ್ನ ಮಾಲನ್ನು ಬೇಕಾದಲ್ಲಿ ಮಾರುವ ಹಕ್ಕನ್ನು.

ಹೊಸ ತಂತ್ರಜ್ಞಾನಕ್ಕೆ ಇಲ್ಲಿ ನಿಜವಾದ ಜಾಗವಿದೆ ಎಂದು ನನಗನಿಸುತ್ತದೆ. ಬ್ಯಾಂಕು ಮಂಡಿಯವನಷ್ಟು ಬೇಗ ಕೊಡಬಲ್ಲದಾದರೆ ರೈತನಿಗೆ ಆ ಹಕ್ಕು ಮರಳಿ ಸಿಗುತ್ತದೆ. ಅದಕ್ಕೆ ಆಕಾಶದಿಂದ ತೆಗೆದ ಚಿತ್ರ ಸಾಲದು. ಉಪಗ್ರಹಕ್ಕೆ ಬೆಳೆ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಮಂಡಿಯ ಪಟ್ಟಿಯೇ ಸರಿಯಾಗಿ ದಾಖಲಾಗಬೇಕು. ರಾಜ್ಯದ ಎಪಿಎಂಸಿಗಳಲ್ಲಿ ರೈತರು ಬಿಳಿಚೀಟಿ ಎಂದು ಕರೆಯುವ ಲೆಕ್ಕವಿಲ್ಲದ ವ್ಯವಹಾರ ಉಳಿದಿರುವ ತನಕ ಯಾವ ಗಣಕಕ್ಕೂ ರೈತನ ಆದಾಯ ತಿಳಿಯುವುದಿಲ್ಲ.

ಮಾಲೂರು ಕಡೆಯ ಒಂದು ಅಂಗಡಿಯಲ್ಲಿ ಕಂಡದ್ದನ್ನು ಇಲ್ಲಿ ದಾಖಲಿಸಬೇಕು. ಆಧಾರ್ ಮೂಲಕ ಹಣ ಕೊಡುವ ಪುಟ್ಟ ಯಂತ್ರದ ಮುಂದೆ ಇಟ್ಟಿಗೆ ಗೂಡಿನ ಕೆಲಸಗಾರರೊಬ್ಬರು ಹೆಬ್ಬೆಟ್ಟು ಒತ್ತುತ್ತಿದ್ದರು. ಯಂತ್ರ ಒಪ್ಪಲಿಲ್ಲ. ಅಂಗಡಿಯ ಹುಡುಗ ಒದ್ದೆ ಬಟ್ಟೆ ಕೊಟ್ಟು ಒರೆಸಿಸಿದ, ತೋರುಬೆರಳು ಹಾಕಿಸಿದ, ಕೊನೆಗೆ ಎಡಗೈಯ ಉಂಗುರಬೆರಳಿಗೆ ಹಸಿರು ದೀಪ ಹತ್ತಿತು. ಮಣ್ಣು ಕಲಸಿ, ಬಿಸಿ ಇಟ್ಟಿಗೆ ಎತ್ತಿ ಬೆರಳ ಗೆರೆ ಸವೆದಿತ್ತು. ಕುದಿನೀರಿನಲ್ಲಿ ಗೂಡು ತಿರುವುವ ರೇಷ್ಮೆ ರೀಲರುಗಳ ಬೆರಳಿಗೂ ಇದೇ ಗತಿ. ಆದರೂ ಈ ಯಂತ್ರವನ್ನು ನಾನು ಹಳಿಯಲಾರೆ. ಅದಿಲ್ಲದಿದ್ದರೆ ಆತ ಅರ್ಧ ದಿನದ ಕೂಲಿ ಬಿಟ್ಟು ಪಟ್ಟಣದ ಶಾಖೆಗೆ ಹೋಗಬೇಕಿತ್ತು. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಎಷ್ಟೋ ಹೆಂಗಸರ ಕೈ ಸೇರುವುದು ಇಂಥದೇ ಅಂಗಡಿಗಳಲ್ಲಿ.

ಅದೇ ಬೆರಳಚ್ಚು ಕಳ್ಳನಿಗೂ ಉಪಯೋಗಕ್ಕೆ ಬಂತು ಎಂಬುದು ಕರ್ನಾಟಕದ್ದೇ ಕಹಿ ಅನುಭವ. 2023ರಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ಆಸ್ತಿ ನೋಂದಣಿ ಮಾಡಿಸಿಕೊಂಡ ಜನರ ಖಾತೆಗಳಿಂದ ಓಟಿಪಿ ಕೂಡ ಬರದೆ ಹಣ ಹೋಯಿತು. ನೋಂದಣಿ ಪತ್ರಗಳಲ್ಲಿದ್ದ ಆಧಾರ್ ಸಂಖ್ಯೆ, ಬೆರಳಚ್ಚು ಕಳ್ಳರ ಪಾಲಾಗಿವೆ ಎಂಬ ದೂರು ಎದ್ದ ಮೇಲೆ ಅವನ್ನು ಮರೆಮಾಡುವ ಕ್ರಮವನ್ನು ಸರ್ಕಾರ ಕೈಗೊಂಡಿತು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಹೆಬ್ಬೆಟ್ಟನ್ನು ಬದಲಿಸುವಂತಿಲ್ಲ. ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂಬ ಸಲಹೆ ಸರಿಯೇ. ಆದರೆ ಕೀಪ್ಯಾಡ್ ಫೋನಿನ ಅಜ್ಜಿಗೆ ಅದನ್ನು ಬೀಗ ಹಾಕಿ, ಬಟವಾಡೆಯ ದಿನ ತೆಗೆದು, ಮತ್ತೆ ಹಾಕಿಕೊಡುವವರು ಯಾರು?

ಕೋಲಾರಕ್ಕೆ ದೊಡ್ಡ ತಂತ್ರಜ್ಞಾನ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ತೊಂಬತ್ತು ಮೈಲಿ ತಂತಿಯ ಮೇಲೆ ಕೆಜಿಎಫ್ ಗಣಿಗೆ ಬಂತು, ಬೆಂಗಳೂರಿಗೂ ಮೂರು ವರ್ಷ ಮೊದಲು. ಗಣಿಯ ಯಂತ್ರಗಳು ತಿರುಗಿದವು, ಜಿಲ್ಲೆಯ ಹಳ್ಳಿಗಳು ಮತ್ತೆ ದಶಕಗಳ ಕಾಲ ಬುಡ್ಡಿದೀಪದಲ್ಲೇ ಇದ್ದವು. ಬ್ಯಾಂಕಿಂಗ್ ಚರಿತ್ರೆಯಲ್ಲಿ ಈ ಜಿಲ್ಲೆ ದೇಶಕ್ಕೆ ಕೊಟ್ಟದ್ದು ಬೇರೆಯದೇ ವಸ್ತು, ಮತ್ತು ಅದಕ್ಕೆ ತಂತಿಯೂ ಬೇಕಿರಲಿಲ್ಲ. ಎಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆ ಕಾಮಸಮುದ್ರದ ಸುತ್ತ ಹದಿನೈದು ಇಪ್ಪತ್ತು ಜನರ ಸಣ್ಣ ಸಂಘಗಳನ್ನು ಬೆಳೆಸುತ್ತಿತ್ತು. 1987ರಲ್ಲಿ ನಬಾರ್ಡ್ ಅದಕ್ಕೆ ಹತ್ತು ಲಕ್ಷ ರೂಪಾಯಿ ಪ್ರಯೋಗಧನ ಕೊಟ್ಟಿತು. 1991ರ ಡಿಸೆಂಬರ್‌ನಲ್ಲಿ ಬಂಗಾರಪೇಟೆಯ ವೈಶ್ಯ ಬ್ಯಾಂಕ್ ಶಾಖೆ ಮುದುಗುಳಿಯ ವೆಂಕಟೇಶ್ವರ ಮಹಿಳಾ ಸಂಘಕ್ಕೆ ಸಾಲ ಮಂಜೂರು ಮಾಡಿತು. ನೋಂದಣಿಯೂ ಇಲ್ಲದ ಹೆಂಗಸರ ಗುಂಪಿಗೆ, ಜಾಮೀನಿಲ್ಲದೆ, ಒಳಗೆ ಯಾರಿಗೆ ಎಷ್ಟು ಎಂಬುದನ್ನು ಅವರಿಗೇ ಬಿಟ್ಟು ಕೊಟ್ಟ ಸಾಲ ಅದು. ಇಡೀ ದೇಶಕ್ಕೆ ಹಬ್ಬಿದ ಸ್ವಸಹಾಯ ಸಂಘ-ಬ್ಯಾಂಕ್ ಜೋಡಣೆಯ ಮೊದಲ ಹೆಜ್ಜೆ ಇದೇ ಜಿಲ್ಲೆಯ ಮಣ್ಣಿನದು. ಬ್ಯಾಂಕು ಅಲ್ಲಿ ಓದಿದ ದಾಖಲೆ ಸಂಘದ ಉಳಿತಾಯ ಪುಸ್ತಕ, ಬರೆದವರು ಆ ಹೆಂಗಸರೇ, ತಪ್ಪಿದ್ದರೆ ಮುಂದಿನ ವಾರದ ಸಭೆಯಲ್ಲಿ ತಿದ್ದುತ್ತಿದ್ದವರೂ ಅವರೇ.

ಹದಿನೆಂಟು ವರ್ಷದ ನಂತರ ಅದೇ ಜಿಲ್ಲೆ ಇನ್ನೊಂದನ್ನು ಕಂಡಿತು. 2009ರಲ್ಲಿ ಕೋಲಾರ ಪಟ್ಟಣದಲ್ಲಿ ಮೈಕ್ರೋಫೈನಾನ್ಸ್ ಕಂಪನಿಗಳಿಗೆ ಕಂತು ಕಟ್ಟಬೇಡಿ ಎಂದು ಸ್ಥಳೀಯ ಸಮುದಾಯ ಸಂಸ್ಥೆಯೇ ಹೇಳುವ ಹಂತ ಬಂತು. ಶಿಡ್ಲಘಟ್ಟ, ರಾಮನಗರಗಳಲ್ಲೂ ಕಂತು ನಿಂತಿತು. ರೇಷ್ಮೆ ಕೆಲಸದ ಮನೆಗಳ ಹೆಂಗಸರೇ ಸಾಲಗಾರರಲ್ಲಿ ಹೆಚ್ಚಿದ್ದರು. ಪ್ರತಿ ಕಂಪನಿಯ ಗಣಕದಲ್ಲಿ ವಸೂಲಾತಿ ನೂರಕ್ಕೆ ನೂರರ ಹತ್ತಿರ ಕಾಣುತ್ತಿತ್ತು. ಒಬ್ಬಳೇ ಹೆಂಗಸು ಮೂರು ನಾಲ್ಕು ಪಟ್ಟಿಗಳಲ್ಲಿದ್ದಾಳೆ, ಒಂದರಿಂದ ತೆಗೆದು ಇನ್ನೊಂದಕ್ಕೆ ಕಟ್ಟುತ್ತಿದ್ದಾಳೆ ಎಂಬುದು ಯಾವ ಗಣಕಕ್ಕೂ ಕಾಣಲಿಲ್ಲ. ಆಮೇಲೆ ಸಾಲ ಮಾಹಿತಿ ಬ್ಯೂರೋಗಳು ಬಂದವು. 2022ರಲ್ಲಿ ರಿಸರ್ವ್ ಬ್ಯಾಂಕ್, ಮನೆಯ ಒಟ್ಟು ಕಂತು ಆದಾಯದ ಅರ್ಧ ಮೀರಬಾರದು ಎಂಬ ನಿಯಮ ತಂದಿತು. ಆದರೂ 2025ರ ಫೆಬ್ರುವರಿಯಲ್ಲಿ ವಸೂಲಿ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಬ್ಯೂರೋದ ಪಟ್ಟಿಯಲ್ಲಿ ಕೈಸಾಲ ಬರುವುದಿಲ್ಲ, ಮಂಡಿಯ ಮುಂಗಡ ಬರುವುದಿಲ್ಲ, ಮೀಟರ್ ಬಡ್ಡಿ ಬರುವುದಿಲ್ಲ. ಯಂತ್ರ ಅಂದಾಜಿಸಿದ "ಆದಾಯದ ಅರ್ಧ" ಮನೆಯಲ್ಲಿ ಆಗಲೇ ಖರ್ಚಾಗಿರುತ್ತದೆ.

ಡಿಜಿಟಲ್ ರೂಪಾಯಿ, ಬ್ಲಾಕ್‌ಚೈನ್‌ಗಳಿಗೆ ಹೆಚ್ಚು ಜಾಗ ಬೇಡ. ಸಾಮಾನ್ಯರ ಇ-ರೂಪಾಯಿ 2022ರ ಡಿಸೆಂಬರ್ 1ರಂದು ಬೆಂಗಳೂರೂ ಸೇರಿ ನಾಲ್ಕು ನಗರಗಳಲ್ಲಿ ಶುರುವಾಯಿತು. 2025ರ ಮಾರ್ಚ್ ಹೊತ್ತಿಗೆ ಚಲಾವಣೆಯಲ್ಲಿದ್ದದ್ದು 1,016 ಕೋಟಿ ರೂಪಾಯಿ. ಅದೇ ಹೊತ್ತಿಗೆ ಕಾಗದದ ನೋಟು 36 ಲಕ್ಷ ಕೋಟಿಗೂ ಹೆಚ್ಚು. ಬ್ಲಾಕ್‌ಚೈನಿನ ಮೇಲೆ ತನ್ನ ವ್ಯವಸ್ಥೆಯನ್ನೇ ಕಟ್ಟಲು ಹೊರಟ ಆಸ್ಟ್ರೇಲಿಯಾದ ಷೇರುಪೇಟೆ 2022ರ ನವೆಂಬರ್‌ನಲ್ಲಿ ಸುಮಾರು 25 ಕೋಟಿ ಆಸ್ಟ್ರೇಲಿಯನ್ ಡಾಲರ್ ನಷ್ಟ ಬರೆದುಕೊಂಡು ಕೈಬಿಟ್ಟಿತು. ಕೃತಕ ಬುದ್ಧಿಮತ್ತೆ ಸದ್ದಿಲ್ಲದೆ ಕೆಲಸಕ್ಕೆ ಬರುತ್ತಿರುವುದು ವಂಚನೆ ಹಿಡಿಯುವಲ್ಲಿ. ಸೈಬರ್ ಕಳ್ಳರಿಗೆ ತಮ್ಮ ಖಾತೆಯನ್ನು ಬಾಡಿಗೆಗೆ ಕೊಡುವವರನ್ನು ಗುರುತಿಸಲು ರಿಸರ್ವ್ ಬ್ಯಾಂಕಿನ ಹಬ್ ರೂಪಿಸಿದ ಮ್ಯೂಲ್‌ಹಂಟರ್ ಅಂಥದು. ಕೋಟ್ಯಂತರ ವಹಿವಾಟಿನಲ್ಲಿ ವಿಚಿತ್ರವಾದದ್ದನ್ನು ಹೆಕ್ಕುವುದು ಮನುಷ್ಯನಿಂದ ಆಗದ ಕೆಲಸ. ಆದರೆ ಅಲ್ಲಿಯೂ, ಟೊಮೆಟೊ ಪಟ್ಟಿಯ ಎರಡು ಲಕ್ಷ ಒಮ್ಮೆಲೇ ಬಂದ ರೈತನ ಖಾತೆ ಅನುಮಾನಕ್ಕೆ ಸಿಲುಕಿ ನಿಂತರೆ ಅದನ್ನು ಬಿಡಿಸಿಕೊಡುವ ಮನುಷ್ಯ ಶಾಖೆಯಲ್ಲಿ ಇರಬೇಕು.

ಮಾತಿನಲ್ಲೇ ಬ್ಯಾಂಕಿಂಗ್ ಮಾಡಬಹುದು ಎಂಬ ಭರವಸೆಯ ಬಗ್ಗೆ ಒಂದು ಮಾತು. ಈ ಸೀಮೆಯವರು ಕನ್ನಡದಲ್ಲಿ ಶುರುಮಾಡಿ, ತೆಲುಗಿನಲ್ಲಿ ಲೆಕ್ಕ ಹೇಳಿ, ಮತ್ತೆ ಕನ್ನಡದಲ್ಲಿ ಮುಗಿಸುತ್ತಾರೆ. ಮಾಲೂರಿನ ಗಡಿಯಲ್ಲಿ ತಮಿಳೂ ಸೇರುತ್ತದೆ. "ಪದೈದು ವಂದಲು ಹಾಕಪ್ಪ" ಎಂದರೆ ಹದಿನೈದು ನೂರು ಎಂದು ಇಲ್ಲಿಯ ಯಾವ ಕ್ಯಾಷಿಯರಿಗಾದರೂ ಗೊತ್ತು. ಅಚ್ಚ ಕನ್ನಡ ಕಲಿತ ಯಂತ್ರಕ್ಕೆ ಗೊತ್ತಾಗಬೇಕಾದರೆ ಯಾರಾದರೂ ಮುಳಬಾಗಿಲಿನ ಸಂತೆಗೆ ಹೋಗಿ ಕೂತು ದನಿ ಕಲೆಹಾಕಬೇಕು.

ಇಷ್ಟು ನೋಡಿದ ಮೇಲೆ ನಾನು ಕೇಳುವುದು ಸಣ್ಣ ವಿಷಯ. ಯಂತ್ರ ಸಾಲ ಬೇಡವೆಂದ ಪ್ರತಿಯೊಂದು ಅರ್ಜಿಗೂ ಶಾಖೆಯಲ್ಲಿ ಒಂದು ನಿರಾಕರಣೆ ಪುಸ್ತಕ ಇರಲಿ: ಯಾರು, ಯಾವ ದಿನ, ಯಾವ ದಾಖಲೆಯ ಯಾವ ಸಾಲಿನ ಕಾರಣಕ್ಕೆ. ಕನ್ನಡದಲ್ಲಿ ಇರಲಿ, ಅರ್ಜಿದಾರರಿಗೆ ಅದರ ನಕಲು ಸಿಗಲಿ, ಮರುಪರಿಶೀಲನೆಗೆ ಒಂದು ದಿನ ನಿಗದಿಯಾಗಲಿ. ಮಂಜೂರಾದ ಸಾಲಗಳ ಅಂಕಿ ಎಲ್ಲರೂ ಪ್ರಕಟಿಸುತ್ತಾರೆ; ಈ ನಾಲ್ಕು ತಾಲ್ಲೂಕುಗಳ ನಿರಾಕರಣೆಯ ಅಂಕಿ ಒಂದು ವರ್ಷ ಕೈಗೆ ಸಿಕ್ಕರೆ ಪಹಣಿ ಎಷ್ಟು ಜನರನ್ನು ತಡೆಯಿತು, ಬೆರಳು ಎಷ್ಟು ಜನರನ್ನು, ಹೆಸರಿನ ಒಂದಕ್ಷರ ಎಷ್ಟು ಜನರನ್ನು ಎಂದು ಎಣಿಸಿ ಹೇಳಬಹುದು. ಕಷ್ಟದ ಕೆಲಸವೇನಲ್ಲ. ಯಾವುದೇ ಮಹಿಳಾ ಸಂಘದ ನಡಾವಳಿ ಪುಸ್ತಕ ತೆರೆದರೆ ಅದು ಆಗಲೇ ಇದೆ: ಇಂಥವರು ಇಷ್ಟು ಕೇಳಿದರು, ಈ ತಿಂಗಳು ಹಣ ಸಾಲದು, ಮುಂದಿನ ಸಭೆಯಲ್ಲಿ ಮೊದಲು ಅವರದೇ ತೆಗೆದುಕೊಳ್ಳುವುದು. ಕೆಳಗೆ ಎಲ್ಲರ ಸಹಿ, ಇಬ್ಬರು ಮೂವರದು ಹೆಬ್ಬೆಟ್ಟು.